ಮನೆ ನನಗೆ, ಬೇಕರಿ ಅವರಿಗೆ: ಬರೆದುಕೊಂಡರೆ ಸಾಕೇ?

ಪ್ರಶ್ನೆ: ನಾನು, ನನ್ನ ಗಂಡ ಇಬ್ಬರೇ ಪಾಲುದಾರರಾಗಿ ಬೆಂಗಳೂರಿನಲ್ಲಿ ಬೇಕರಿ ನಡೆಸುತ್ತಿದ್ದೇವೆ. ಮನೆ ಜಂಟಿ ಹೆಸರಿನಲ್ಲಿದೆ; ಅದನ್ನೇ ಅಡವಿಟ್ಟು ಬೇಕರಿಗೆ ಬ್ಯಾಂಕಿನಿಂದ ಓವರ್‌ಡ್ರಾಫ್ಟ್ (ಓಡಿ) ಸಾಲ ತೆಗೆದಿದ್ದೇವೆ. ಈಗ ಪರಸ್ಪರ ಒಪ್ಪಿಗೆಯ ವಿಚ್ಛೇದನ. ಮನೆ ನನಗೆ, ಬೇಕರಿ ಅವರಿಗೆ ಎಂದು ಒಪ್ಪಂದ ಬರೆದುಕೊಂಡರೆ ಸಾಕೇ?

ಉತ್ತರ: ಸಾಲದು. ಆ ಒಪ್ಪಂದಕ್ಕೆ ನೀವಿಬ್ಬರು ಬದ್ಧರು, ಬ್ಯಾಂಕು ಅಲ್ಲ. ಬೇಕರಿ ಬಾಕಿ ಉಳಿಸಿಕೊಂಡರೆ ಹರಾಜಿಗೆ ಬರುವುದು ನಿಮ್ಮ ಮನೆ. ಮನೆಯ ಬೆಲೆ 80 ಲಕ್ಷ, ಓಡಿ ಬಾಕಿ 20 ಲಕ್ಷ ಎಂದುಕೊಳ್ಳಿ. ಅಡಮಾನ ಬಿಡಿಸದೆ ಪಡೆದರೆ ನಿಮ್ಮ ಕೈಗೆ ಬಂದದ್ದು 60 ಲಕ್ಷ ಮಾತ್ರ.

ಹಾಗಾಗಿ ಮೊದಲು ಓಡಿ ಸಾಲದ ವಿಚಾರ. ಅವರು ಅದನ್ನು ತೀರಿಸಬೇಕು, ಇಲ್ಲವೇ ಬೇರೆ ಆಸ್ತಿ ಅಡವಿಡಬೇಕು. ನಿಮ್ಮ ವೈಯಕ್ತಿಕ ಜಾಮೀನು ರದ್ದಾಗಿದೆ ಎಂಬ ಪತ್ರವನ್ನೂ ಬ್ಯಾಂಕಿನಿಂದ ಕೇಳಿ ಪಡೆಯಿರಿ. ಇದನ್ನು ಮರೆಯುವವರೇ ಹೆಚ್ಚು. ಮೂಲಪತ್ರ ವಾಪಸಾದ ಮೇಲೆ ಇಸಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪ್ರಮಾಣಪತ್ರ) ತೆಗೆಸಿ ನೋಡಿ.

ಮನೆಯ ಪಾಲಿಗೆ ಅವರು ಹಕ್ಕು ಬಿಡುಗಡೆ ಪತ್ರ ಬರೆದು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು. ಖಾತೆ ಬದಲಾವಣೆ ಅದರ ನಂತರ. ಇದನ್ನು ಡಿಕ್ರಿಗೆ, ಅಂದರೆ ನ್ಯಾಯಾಲಯದ ವಿಚ್ಛೇದನ ಆದೇಶಕ್ಕೆ, ಮೊದಲೇ ಮುಗಿಸಿ. ಕುಟುಂಬದವರ ನಡುವಿನ ಬಿಡುಗಡೆ ಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕದ ರಿಯಾಯಿತಿಯಿದೆ, ಡಿಕ್ರಿಯಾದ ಮೇಲೆ ನೀವು ಗಂಡ ಹೆಂಡತಿಯಲ್ಲ. ಆದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಅರ್ಜಿ ಹಾಕಿ ಸಾಮಾನ್ಯವಾಗಿ ಆರು ತಿಂಗಳಾದ ಮೇಲೆ ನಡೆಯುವ ಎರಡನೇ ಹಂತದ ವಿಚಾರಣೆಯವರೆಗೂ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆಯಬಹುದು; ಹಾಗಾಗಿ ತೀರಾ ಬೇಗ ನೋಂದಾಯಿಸುವುದೂ ಸರಿಯಲ್ಲ. ನಮ್ಮ ಸಲಹೆ: ಆ ವಿಚಾರಣೆಗೆ ಕೆಲವೇ ದಿನ ಮೊದಲು ಪತ್ರ ನೋಂದಾಯಿಸಿ, ಕೊಡು-ಕೊಳ್ಳುವ ಹಣದ ಕೊನೆಯ ಕಂತಿನ ಡಿಡಿ ನ್ಯಾಯಾಲಯದಲ್ಲೇ ಕೈ ಬದಲಾಗಲಿ.

ಇನ್ನು ಬೇಕರಿ. ಇಬ್ಬರಲ್ಲಿ ಒಬ್ಬರು ಹೊರಬಿದ್ದರೆ ಪಾಲುದಾರಿಕೆಯೇ ಉಳಿಯದು. ಅವರು ಒಂಟಿ ಮಾಲೀಕರಾಗಿ ತಮ್ಮದೇ ಪ್ಯಾನ್ ಮೇಲೆ ಹೊಸ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಲೆಕ್ಕ ಒಂದೇ ದಿನಾಂಕಕ್ಕೆ ನಿಲ್ಲಲಿ: ಓವನ್, ಮಿಕ್ಸರ್, ದಾಸ್ತಾನು, ಅಂಗಡಿಯ ಅಡ್ವಾನ್ಸ್, ಬರಬೇಕಾದ ಬಾಕಿ, ಇವುಗಳಿಂದ ಮೈದಾ-ಬೆಣ್ಣೆ ಸರಬರಾಜುದಾರರಿಗೆ, ತೆರಿಗೆಗೆ ಕೊಡಬೇಕಾದದ್ದನ್ನು ಕಳೆಯಿರಿ. ನಡೆಯುತ್ತಿರುವ ಅಂಗಡಿಯ ಹೆಸರಿಗೂ ಬೆಲೆಯಿದೆ, ಬಿಟ್ಟುಕೊಡಬೇಡಿ.

ಹೊರಬಂದದ್ದನ್ನು ಸಾರ್ವಜನಿಕವಾಗಿ ಪ್ರಕಟಿಸುವವರೆಗೆ ಹೊಸ ಸಾಲಕ್ಕೂ ನಿಮ್ಮನ್ನು ಹೊಣೆ ಮಾಡಬಹುದು. 1932ರ ಪಾಲುದಾರಿಕೆ ಕಾಯ್ದೆಯ 72ನೇ ಸೆಕ್ಷನ್ ಹೇಳುವಂತೆ ರಾಜ್ಯಪತ್ರದಲ್ಲಿ, ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಕೊಡಿ. ನೋಂದಾಯಿತ ಸಂಸ್ಥೆಯಾದರೆ ಸಂಸ್ಥೆಗಳ ನೋಂದಣಾಧಿಕಾರಿಗೂ ತಿಳಿಸಿ. ಲೆಕ್ಕ ಚುಕ್ತಾ ಮಾಡದೆ ಅವರು ವ್ಯಾಪಾರ ಮುಂದುವರಿಸಿದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ನಿಮ್ಮ ಬಂಡವಾಳದಿಂದ ಬಂದ ಲಾಭದ ಪಾಲನ್ನೋ ವರ್ಷಕ್ಕೆ ಶೇ 6 ಬಡ್ಡಿಯನ್ನೋ ಕೇಳುವ ಹಕ್ಕು 37ನೇ ಸೆಕ್ಷನ್‌ನಲ್ಲಿದೆ. ‘ಇನ್ನು ಯಾವ ಬಾಬ್ತೂ ಇಲ್ಲ’ ಎಂಬ ಸಾಲಿಗೆ ಹಣ ಬರುವ ಮೊದಲೇ ಸಹಿ ಹಾಕಿದರೆ ಆ ಹಕ್ಕೂ ಕೈತಪ್ಪಬಹುದು.