ಮಂತ್ರಿಯಾಗಲು ಸಂಸದರೇ ಆಗಿರಬೇಕಾ?

ಸಂಸತ್ತಿನ ಸದಸ್ಯರಲ್ಲದವರು ಪ್ರಧಾನಿಯಾಗಬಹುದೇ? ಆಗಬಹುದು. ಆದರೆ ಆರು ತಿಂಗಳೊಳಗೆ ಯಾವುದಾದರೂ ಒಂದು ಸದನದ ಸದಸ್ಯರಾಗಬೇಕು. ಇಲ್ಲದಿದ್ದರೆ ಹುದ್ದೆ ತಾನಾಗಿಯೇ ಹೋಗುತ್ತದೆ. ಕೇಂದ್ರಕ್ಕೆ 75(5)ನೇ ವಿಧಿ, ರಾಜ್ಯಕ್ಕೆ 164(4).

ಉದಾಹರಣೆ ನಮ್ಮಲ್ಲೇ ಇದೆ. 1996ರ ಜೂನ್ 1ರಂದು ಪ್ರಮಾಣವಚನ ತೆಗೆದುಕೊಂಡಾಗ ಎಚ್.ಡಿ. ದೇವೇಗೌಡರು ಸಂಸದರಾಗಿರಲಿಲ್ಲ. ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿ ನಿಲ್ಲಲಿಲ್ಲ. ಆಮೇಲೆ ಅವರು ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದರು. 88ನೇ ವಿಧಿಯನ್ನೂ ಇಲ್ಲೇ ಸೇರಿಸಿ ಓದಿಕೊಳ್ಳಿ: ಮಂತ್ರಿಗಳು ಎರಡೂ ಸದನಗಳಲ್ಲಿ ಮಾತಾಡಬಹುದು, ಮತ ಹಾಕುವುದು ತಾವು ಸದಸ್ಯರಾಗಿರುವ ಸದನದಲ್ಲಿ ಮಾತ್ರ. ಹಾಗಾಗಿ ತಮ್ಮದೇ ಸರ್ಕಾರದ ವಿಶ್ವಾಸಮತಕ್ಕೆ ಗೌಡರು ಲೋಕಸಭೆಯಲ್ಲಿ ಓಟು ಹಾಕುವಂತಿರಲಿಲ್ಲ!

ಈ ಆರು ತಿಂಗಳ ಸಡಿಲಿಕೆ ಯಾಕೆ? ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಕೊಟ್ಟ ಕಾರಣ ಸರಳ. ಸಮರ್ಥ ವ್ಯಕ್ತಿಯೂ ಯಾವುದೋ ಸ್ಥಳೀಯ ಕಾರಣಕ್ಕೆ ಚುನಾವಣೆ ಸೋಲಬಹುದು. ಅಷ್ಟಕ್ಕೇ ಅವರನ್ನು ಸಂಪುಟದಿಂದ ದೂರ ಇಡಬೇಕಿಲ್ಲ, ಗೆದ್ದು ಬರಲಿ.

ಪಂಜಾಬಿನಲ್ಲಿ ಇದರ ದುರುಪಯೋಗ ಆಯಿತು. 1995ರಲ್ಲಿ ಮಂತ್ರಿಯಾದ ತೇಜ್ ಪ್ರಕಾಶ್ ಸಿಂಗ್ ಆರು ತಿಂಗಳಲ್ಲಿ ಶಾಸಕರಾಗಲಿಲ್ಲ. ರಾಜೀನಾಮೆ ಕೊಟ್ಟರು. 1996ರಲ್ಲಿ, ಅದೇ ವಿಧಾನಸಭೆಯ ಅವಧಿಯಲ್ಲಿ, ಗೆಲ್ಲದೆಯೇ ಮತ್ತೆ ಮಂತ್ರಿ! ಎಸ್.ಆರ್. ಚೌಧುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ಇದು ಅಸಾಂವಿಧಾನಿಕ ಎಂದಿತು. ಪರೀಕ್ಷೆಗೆ ಈ ಪ್ರಕರಣ ತುಂಬಾ ಮುಖ್ಯ.

ಈಗ ನಿಜವಾದ ಚರ್ಚೆಗೆ ಬರೋಣ. ಮಂತ್ರಿ ಸದನಕ್ಕೆ ಉತ್ತರ ಕೊಡಬೇಕು ಅನ್ನೋದೇ ಈ ನಿಯಮದ ಉದ್ದೇಶ. ಅದಕ್ಕೆ ಸದಸ್ಯತ್ವ ಬೇಕೇ ಬೇಕಾ? ಫ್ರಾನ್ಸ್ ಬೇಡ ಅನ್ನುತ್ತದೆ. 1958ರ ಸಂವಿಧಾನದ 23ನೇ ವಿಧಿ ಪ್ರಕಾರ ಅಲ್ಲಿ ಮಂತ್ರಿಯಾದವರು ಸಂಸತ್ತಿನ ಸ್ಥಾನ ಬಿಡಬೇಕು. ಆದರೂ ಅವರು ಸದನಕ್ಕೆ ಬಂದು ಉತ್ತರ ಕೊಡುತ್ತಾರೆ, ಅವಿಶ್ವಾಸ ಗೊತ್ತುವಳಿಯಿಂದ ಸರ್ಕಾರ ಬೀಳಲೂಬಹುದು. ಅಮೆರಿಕದಲ್ಲೂ ಎರಡೂ ಹುದ್ದೆ ಒಟ್ಟಿಗೆ ಇಲ್ಲ. ಆದರೆ ಅಲ್ಲಿ ಅವಿಶ್ವಾಸ ಗೊತ್ತುವಳಿಯೇ ಇಲ್ಲ, ಹಾಗಾಗಿ ಹೋಲಿಸುವುದಾದರೆ ಫ್ರಾನ್ಸನ್ನೇ ತೆಗೆದುಕೊಳ್ಳಿ.

ನಮ್ಮ ಪದ್ಧತಿಯ ತೊಂದರೆ ಲೆಕ್ಕ ಹಾಕಿದರೆ ಕಾಣುತ್ತದೆ. 2003ರ 91ನೇ ತಿದ್ದುಪಡಿ ಸಂಪುಟದ ಗಾತ್ರಕ್ಕೆ ಸದನದ ಶೇ 15ರ ಮಿತಿ ಹಾಕಿತು. ಕರ್ನಾಟಕದ 224 ಸ್ಥಾನಕ್ಕೆ ಮುಖ್ಯಮಂತ್ರಿ ಸೇರಿ 34 ಎಂದು ಹಿಡಿಯುತ್ತಾರೆ. ಬಹುಮತಕ್ಕೆ ಬೇಕಿರೋದು 113. ಅಂಚಿನಲ್ಲಿ ಗೆದ್ದ ಪಕ್ಷದವರೇ ಎಲ್ಲ ಹುದ್ದೆ ಹಂಚಿಕೊಂಡರೆ ಮೂರರಲ್ಲಿ ಒಬ್ಬರಿಗೆ ಹತ್ತಿರ ಮಂತ್ರಿಗಳು. ಉಳಿದವರಲ್ಲಿ ಅನೇಕರು ಮುಂದಿನ ವಿಸ್ತರಣೆಗೆ ಕಾಯುತ್ತಿರುತ್ತಾರೆ. ಸರ್ಕಾರವನ್ನು ಗಟ್ಟಿಯಾಗಿ ಪ್ರಶ್ನಿಸೋರು ಯಾರು? ಮೇಲ್ಮನೆಯಿಂದ ಕೆಲವರನ್ನು ತೆಗೆದುಕೊಂಡರೂ ಈ ಕಾಯುವಿಕೆ ತಪ್ಪೋದಿಲ್ಲ. ನನ್ನ ಪ್ರಕಾರ ‘ಚರ್ಚಿಸಿ’ ಎಂದು ಕೇಳಿದರೆ ಅಂಕ ಇರೋದು ಇಲ್ಲಿ, ವಿಧಿಗಳ ಸಂಖ್ಯೆಯಲ್ಲಿ ಅಲ್ಲ.