ಮೀನಿನೂಟಕ್ಕೆ ಹೆಸರಾದ ಸ್ಪ್ಲಿಟ್‌ನಲ್ಲಿ ಸಸ್ಯಾಹಾರಿಗಳು ಏನು ತಿನ್ನಬಹುದು?

ಪ್ರಶ್ನೆ: ಕ್ರೊಯೇಷಿಯಾದ ಸ್ಪ್ಲಿಟ್ ನಗರವನ್ನು ನೋಡುವ ಆಸೆಯಿದೆ. ಆದರೆ ಮನೆಮಂದಿಯೆಲ್ಲ ಸಸ್ಯಾಹಾರಿಗಳು. ಅಲ್ಲಿಯದೇ ಸಾಂಪ್ರದಾಯಿಕ ಅಡುಗೆ ನಮಗೆ ಸಿಗುತ್ತದೆಯೇ, ಅಥವಾ ಪಿಜ್ಜಾ ತಿಂದೇ ದಿನ ಕಳೆಯಬೇಕೇ?

ಉತ್ತರ: ಖಂಡಿತ ಸಿಗುತ್ತದೆ, ಆದರೆ ಹುಡುಕಬೇಕು. ಪ್ರವಾಸಿಗರ ಮುಂದೆ ಮೊದಲು ಬರುವುದು ಕಟಲ್‌ಫಿಶ್ ಎಂಬ ಕಡಲಜೀವಿಯ ಶಾಯಿ ಬೆರೆಸಿದ ಕಪ್ಪು ಅನ್ನ ರಿಸೊಟ್ಟೊ, ವಿನೆಗರ್‌ನಲ್ಲಿ ನೆನೆಸಿ ಬೇಯಿಸಿದ ದನದ ಮಾಂಸದ ಪಶ್ಟಿಟ್ಸಾದಾ. ಸ್ಪ್ಲಿಟ್ ಇರುವ ಡಾಲ್ಮೇಷಿಯಾ ಕರಾವಳಿಯ ಅಡುಗೆ ಅಷ್ಟಕ್ಕೇ ಮುಗಿಯುವುದಿಲ್ಲ. ಬೆನ್ನ ಹಿಂದಿನ ಕಲ್ಲುಬೆಟ್ಟಗಳ ಬಡ ಮನೆಗಳಲ್ಲಿ ಸೊಪ್ಪು, ಆಲೂಗಡ್ಡೆ, ಆಲಿವ್ ಎಣ್ಣೆಯೇ ಆಧಾರವಾಗಿದ್ದವು. ಕ್ಯಾಥೊಲಿಕರ ಉಪವಾಸದ ದಿನಗಳಲ್ಲಂತೂ ಮಾಂಸ ವರ್ಜ್ಯ.

ಆ ಅಡುಗೆಯ ಕಿರೀಟ ಸೊಪಾರ್ನಿಕ್. ಸ್ಪ್ಲಿಟ್‌ನ ಪಕ್ಕದ ಪೋಲಿತ್ಸಾ ಸೀಮೆಯ ತಿನಿಸು ಇದು. ಹುದುಗು ಬೆರೆಸದ ಕಣಕವನ್ನು ದೊಡ್ಡದಾಗಿ, ತೆಳ್ಳಗೆ ಲಟ್ಟಿಸಿ, ಅದರ ಮೇಲೆ ಹೆಚ್ಚಿದ ಬ್ಲಿತ್ವಾ ಸೊಪ್ಪು, ಈರುಳ್ಳಿ, ಪಾರ್ಸ್ಲಿ, ಉಪ್ಪು ಹರಡಿ, ಇನ್ನೊಂದು ಹಾಳೆಯಿಂದ ಮುಚ್ಚಿ ಅಂಚು ಮಡಿಸುತ್ತಾರೆ. ಬ್ಲಿತ್ವಾ ಬೀಟ್‌ರೂಟ್ ಜಾತಿಯದೇ ಸೊಪ್ಪು. ರುಚಿ ಪಾಲಕ್‌ಗೆ ಹತ್ತಿರ. ಕಾದ ಒಲೆಗಲ್ಲಿನ ಮೇಲಿಟ್ಟು, ಕೆಂಡ ಮತ್ತು ಬೂದಿಯನ್ನು ನೇರವಾಗಿ ಅದರ ಮೇಲೆಯೇ ಹರಡಿ ಬೇಯಿಸುತ್ತಾರೆ. ಬೆಂದ ಮೇಲೆ ಬೂದಿ ಗುಡಿಸಿ, ಬೆಳ್ಳುಳ್ಳಿ ಸೇರಿಸಿದ ಆಲಿವ್ ಎಣ್ಣೆ ಸವರಿ, ವಜ್ರಾಕೃತಿಯ ತುಂಡುಗಳಾಗಿ ಕತ್ತರಿಸುತ್ತಾರೆ. ಹಾಲು, ಮೊಟ್ಟೆ ಯಾವುದೂ ಇಲ್ಲ. ಹೊಗೆಯ ಘಮ, ಸೊಪ್ಪಿನ ತಂಪು, ಬೆಳ್ಳುಳ್ಳಿಯ ಖಾರ ಒಟ್ಟಿಗೇ ಬಾಯಿಗೆ ಬರುತ್ತವೆ. ಐರೋಪ್ಯ ಒಕ್ಕೂಟ ಇದಕ್ಕೆ ಭೌಗೋಳಿಕ ಸೂಚಕದ ರಕ್ಷಣೆ ಕೊಟ್ಟಿದೆ. ಸ್ಪ್ಲಿಟ್‌ನಲ್ಲಿ ಒಂದೇ ಒಂದು ತಿನಿಸು ತಿನ್ನಲು ಅವಕಾಶವಿದ್ದರೂ ನಾನು ಇದನ್ನೇ ಹೇಳುತ್ತೇನೆ.

ಇದನ್ನು ಹುಡುಕಿಕೊಂಡು ಬೆಳಿಗ್ಗೆಯೇ ಪಜಾರ್ ಎಂಬ ಹಸಿರು ಮಾರುಕಟ್ಟೆಗೆ ಹೋಗಿ. ಡಯೊಕ್ಲೀಷಿಯನ್ ಅರಮನೆಯ ಪೂರ್ವ ಬಾಗಿಲು ದಾಟಿದರೆ ಅದು ಎದುರೇ ಇದೆ. ರೋಮ್ ಸಾಮ್ರಾಟನಾಗಿದ್ದ ಡಯೊಕ್ಲೀಷಿಯನ್ 305ರಲ್ಲಿ ತಾನಾಗಿಯೇ ಅಧಿಕಾರ ಬಿಟ್ಟು ಇಲ್ಲಿಗೆ ಬಂದ. ಮತ್ತೆ ಪಟ್ಟಕ್ಕೇರಬೇಕೆಂದು ಕರೆದವರಿಗೆ, ನಾನು ಕೈಯಾರೆ ಬೆಳೆದ ಎಲೆಕೋಸನ್ನು ನೀವು ನೋಡಿದ್ದರೆ ಹೀಗೆ ಕೇಳುತ್ತಿರಲಿಲ್ಲ ಎಂದನಂತೆ. ಅವನ ಅರಮನೆಯ ಗೋಡೆಗಳೊಳಗೆ ಇಂದಿಗೂ ಜನ ವಾಸವಾಗಿದ್ದಾರೆ. ಅವನ ಸಮಾಧಿಮಂದಿರವೇ ಈಗ ಕ್ಯಾಥೆಡ್ರಲ್. 1979ರಿಂದ ಈ ಅರಮನೆಯಿರುವ ಹಳೆಯ ಪೇಟೆ ಯುನೆಸ್ಕೊ ವಿಶ್ವ ಪರಂಪರೆಯ ತಾಣ.

ಕೊನೋಬಾ ಎಂದು ಕರೆಯುವ ಸ್ಥಳೀಯ ಊಟದ ಮನೆಗಳಲ್ಲಿ ಸ್ವಲ್ಪ ಎಚ್ಚರ ಬೇಕು. "ಬೆಜ್ ಮೆಸಾ" ಎಂದರೆ ಮಾಂಸವಿಲ್ಲದೆ ಎಂದಷ್ಟೇ ಅರ್ಥ, ಮೀನು ಬರಬಹುದು. "ಬೆಜ್ ಮೆಸಾ, ಬೆಜ್ ರಿಬೆ" ಎಂದು ಎರಡನ್ನೂ ಸೇರಿಸಿ ಹೇಳಿ. ಸೂಪ್‌ಗಳು ಮಾಂಸದ ನೀರಿನಿಂದಲೇ ಆಗಿರುವುದುಂಟು. ಹುರುಳಿಕಾಯಿ ಬೀಜದ ಪಾಷ್ಟಾ ಫಝೋಲ್‌ನಲ್ಲಿ ಹೊಗೆ ಹಾಕಿದ ಹಂದಿಮಾಂಸ ಸಾಮಾನ್ಯ. ವಿಸ್ ದ್ವೀಪದ ಪೊಗಾಚಾ ಹೊರಗಿನಿಂದ ಈರುಳ್ಳಿ ರೊಟ್ಟಿಯಂತೆ ಕಂಡರೂ ಒಳಗೆ ಉಪ್ಪುಮೀನು ಇರುತ್ತದೆ. ಬ್ಲಿತ್ವಾ ಮತ್ತು ಆಲೂಗಡ್ಡೆಯ ಪಲ್ಯವನ್ನು ಮೀನಿನ ಜೊತೆಗೆ ಬಡಿಸುವುದು ಅಲ್ಲಿನ ರೂಢಿ. ನೀವು ಅದನ್ನೇ ಪ್ರತ್ಯೇಕವಾಗಿ, ದೊಡ್ಡ ತಟ್ಟೆಯಲ್ಲಿ ಕೇಳಿ, ಬ್ರೆಡ್ ಜೊತೆ ತಿನ್ನಿ. ಟೊಮೆಟೊ ಸಾರಿನ ಪಾಸ್ತಾ "ಮನಿಸ್ತ್ರಾ ನಾ ಪೊಮೆ" ಕೂಡ ಅಲ್ಲಿನ ಮನೆಯಡುಗೆಯೇ.

ಸಿಹಿಗೆ ಫ್ರಿತುಲೆ ಎಂಬ ಪುಟ್ಟ ಕರಿದ ಉಂಡೆಗಳಿವೆ. ಅವುಗಳಲ್ಲಿ ಸಾಮಾನ್ಯವಾಗಿ ಮೊಟ್ಟೆ ಮತ್ತು ರಾಕಿಯಾ ಮದ್ಯ ಸೇರಿರುತ್ತವೆ. ಬೇಡವೆಂದರೆ ಪಜಾರ್‌ನಲ್ಲಿ ಒಣ ಅಂಜೂರ, ಬಾದಾಮಿ ಕೊಳ್ಳಿ. ಬೇಸಿಗೆಯ ಕೊನೆಯಲ್ಲಿ ಹೋದರೆ ತಾಜಾ ಅಂಜೂರವೇ ಸಿಗುತ್ತದೆ.