ಸೂಕ್ಷ್ಮ ಮನಸ್ಸಿನವರಿಗೆ ಕ್ಯಾನ್ಸರ್ ವಾರ್ಡ್ ಆಗಿಬರುವುದಿಲ್ಲವೇ?

ಕ್ಯಾನ್ಸರ್ ವಾರ್ಡಿನ ನರ್ಸ್ ಒಬ್ಬರು ವರ್ಗಾವಣೆ ಕೇಳಿದರೆ ಕಚೇರಿಯಲ್ಲಿ ಸಾಮಾನ್ಯವಾಗಿ ಹೊರಡುವ ಮಾತು ಒಂದೇ: ‘ಅವಳದ್ದು ಸ್ವಲ್ಪ ಸೂಕ್ಷ್ಮ ಮನಸ್ಸು, ಆಂಕಾಲಜಿಗೆ ಆಗಿಬರಲ್ಲ.’ ವೈದ್ಯರ ವಿಷಯಕ್ಕೆ ಬಂದಾಗ ಇದೇ ಮಾತು ವೇಷ ಬದಲಿಸುತ್ತದೆ: ‘ಪೇಷೆಂಟ್ ಜೊತೆ ತುಂಬಾ ಹಚ್ಕೊಂಡುಬಿಡ್ತಾರೆ.’ ಎರಡರಲ್ಲೂ ಅರ್ಧ ನಿಜವಿದೆ. ಸ್ವಭಾವಕ್ಕೂ ಬರ್ನ್‌ಔಟ್‌ಗೂ ನಂಟಿರುವುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಆದರೆ ಆ ನಂಟನ್ನು ಹಿಡಿದು ಯಾರು ಈ ಕೆಲಸಕ್ಕೆ ಲಾಯಕ್ಕು, ಯಾರು ಅಲ್ಲ ಎಂದು ತೀರ್ಪು ಕೊಡಲಾಗದು. ಒಬ್ಬೊಬ್ಬರ ಕೊಡ ಯಾವ ಕಡೆಯಿಂದ ಮೊದಲು ಸೋರುತ್ತದೆ ಎಂದು ಊಹಿಸಬಹುದು, ಅಷ್ಟೇ. ಅಷ್ಟು ತಿಳಿದರೂ ಡ್ಯೂಟಿ ಪಟ್ಟಿ ಬರೆಯುವವರಿಗೆ ದೊಡ್ಡ ಉಪಕಾರ.

ಮೊದಲು ಬರ್ನ್‌ಔಟ್ ಎಂದರೇನು ಎಂಬುದು. ನ್ಯೂಯಾರ್ಕಿನ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಉಚಿತ ಚಿಕಿತ್ಸಾಲಯವೊಂದರ ಕೆಲಸಗಾರರನ್ನು ಗಮನಿಸಿ 1974ರಲ್ಲಿ ಈ ಬಗ್ಗೆ ಬರೆದರು. 1981ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಇದನ್ನು ಅಳೆಯಲು 22 ಪ್ರಶ್ನೆಗಳ ಅಳತೆಗೋಲು ಕೊಟ್ಟರು. ಅದರಲ್ಲಿ 9 ಪ್ರಶ್ನೆಗಳು ಭಾವನೆಯ ಬಳಲಿಕೆಗೆ, 5 ರೋಗಿಯಿಂದ ಮನಸ್ಸು ಕಳಚಿಕೊಳ್ಳುವುದಕ್ಕೆ, 8 ‘ನನ್ನಿಂದ ಏನಾದರೂ ಉಪಯೋಗವಾಗುತ್ತಿದೆ’ ಎಂಬ ತೃಪ್ತಿಗೆ ಸೇರಿದವು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ವರ್ಗೀಕರಣದಲ್ಲೂ ಇದೇ ಮೂರು ಮುಖಗಳಿವೆ. ಆದರೆ ಅಲ್ಲಿ ಇದನ್ನು ಕಾಯಿಲೆ ಎಂದು ಕರೆದಿಲ್ಲ. ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಹುಟ್ಟಿದ ಸ್ಥಿತಿ ಎಂದಿದೆ.

ವಾರ್ಡಿನಲ್ಲಿ ಈ ಮೂರೂ ಕಾಣುವ ಬಗೆ ಬೇರೆ ಬೇರೆ. ಬಳಲಿಕೆ ಸುಲಭವಾಗಿ ಗೊತ್ತಾಗುತ್ತದೆ: ವಾರದ ರಜೆ ಮುಗಿಸಿ ಬಂದವರು ಮೊದಲ ಅರ್ಧ ಗಂಟೆಯಲ್ಲೇ ಹಳೆಯ ಮುಖಕ್ಕೆ ಮರಳಿರುತ್ತಾರೆ. ಎರಡನೆಯದರಲ್ಲಿ ತಪ್ಪೆಣಿಕೆ ಹೆಚ್ಚು. ‘ಬೆಡ್ 14’, ‘ಆ ಬ್ರೆಸ್ಟ್ ಕೇಸು’ ಎನ್ನುವುದು ಆಸ್ಪತ್ರೆಯ ಆಡುನುಡಿ, ಅದೊಂದೇ ಲಕ್ಷಣವಲ್ಲ. ನೋಡಬೇಕಾದ್ದು ಬದಲಾವಣೆ. ಹೋದ ತಿಂಗಳವರೆಗೆ ರೋಗಿಯ ಮಗಳ ಪರೀಕ್ಷೆ ಯಾವಾಗ ಎಂದು ನೆನಪಿಟ್ಟುಕೊಂಡಿದ್ದವರು ಈಗ ಫೈಲಿನಿಂದ ತಲೆ ಎತ್ತುವುದಿಲ್ಲ ಎಂದರೆ ಅಲ್ಲಿ ಏನೋ ಕಳಚಿದೆ. ಮೂರನೆಯದು, ಅಂದರೆ ಆ ತೃಪ್ತಿ ಬತ್ತುವುದು, ಕ್ಯಾನ್ಸರ್ ವಿಭಾಗದಲ್ಲಿ ವಾಸ್ತವಪ್ರಜ್ಞೆಯ ವೇಷ ಹಾಕಿಕೊಂಡು ಬರುತ್ತದೆ: ‘ಏನ್ ಮಾಡಿದ್ರೂ ಅಷ್ಟೇ.’ ಇದಕ್ಕೊಂದು ಲೆಕ್ಕದ ಮೋಸವೂ ಕಾರಣ. ಗುಣವಾದವರು ವರ್ಷಕ್ಕೊಮ್ಮೆ ಬಂದು ಐದು ನಿಮಿಷದಲ್ಲಿ ಹೊರಡುತ್ತಾರೆ. ಕಾಯಿಲೆ ಮರುಕಳಿಸಿದವರು ವಾರ ವಾರ ಬರುತ್ತಾರೆ, ಮುಕ್ಕಾಲು ಗಂಟೆ ಕೂರುತ್ತಾರೆ. ಹೀಗಾಗಿ ಒಪಿಡಿಯಲ್ಲಿ ಕೂತವರ ಕಣ್ಣಿಗೆ ಸೋಲೇ ದೊಡ್ಡದಾಗಿ ಕಾಣುತ್ತದೆ.

ಅಂಕಿಗಳನ್ನು ಎಚ್ಚರದಿಂದ ಓದಬೇಕು. 2014ರಲ್ಲಿ ಪ್ರಕಟವಾದ ಅಮೆರಿಕದ ಆಂಕಾಲಜಿಸ್ಟ್‌ಗಳ (ಕ್ಯಾನ್ಸರ್ ತಜ್ಞರ) ಸಮೀಕ್ಷೆಯಲ್ಲಿ ಸುಮಾರು 45 ಶೇಕಡಾ ಮಂದಿಯಲ್ಲಿ ಬರ್ನ್‌ಔಟ್ ಕಂಡಿತ್ತು. ಯುರೋಪಿನ 40 ವರ್ಷದೊಳಗಿನ ಆಂಕಾಲಜಿಸ್ಟ್‌ಗಳ ಸಮೀಕ್ಷೆಯಲ್ಲಿ 71 ಶೇಕಡಾ. ಇದರರ್ಥ ಯುರೋಪಿನಲ್ಲಿ ಪರಿಸ್ಥಿತಿ ಹೆಚ್ಚು ಕೆಟ್ಟಿದೆ ಎಂದಲ್ಲ. ಮೂರರಲ್ಲಿ ಯಾವ ಭಾಗಗಳನ್ನು ಎಣಿಸಿದರು, ಗೆರೆ ಎಲ್ಲಿ ಎಳೆದರು, ಯಾವ ವಯಸ್ಸಿನವರನ್ನು ಕೇಳಿದರು ಎಂಬುದರ ಮೇಲೆ ಅಂಕಿ ಜಿಗಿಯುತ್ತದೆ. ಮಾಸ್ಲಾಕ್ ಅಳತೆಗೋಲಿನಲ್ಲಿ ಬಳಲಿಕೆಗೆ 27 ಅಂಕ, ಕಳಚಿಕೊಳ್ಳುವಿಕೆಗೆ 10 ಅಂಕ ಎಂಬ ಗೆರೆಗಳು ಬಹಳ ಕಾಲ ಚಾಲ್ತಿಯಲ್ಲಿದ್ದವು. ಅಳತೆಗೋಲಿನ ಈಚಿನ ಕೈಪಿಡಿಯೇ ಅವನ್ನು ಕೈಬಿಟ್ಟಿದೆ.

ಇನ್ನು ಸ್ವಭಾವ. ಮನೋವಿಜ್ಞಾನದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಐದು ಗುಣಗಳ ಮಾದರಿ: ಕಳವಳದ ಒಲವು, ಅಚ್ಚುಕಟ್ಟುತನ, ಹೊಂದಿಕೊಳ್ಳುವ ಗುಣ, ಬೆರೆಯುವ ಗುಣ, ಹೊಸತಿಗೆ ತೆರೆದ ಮನಸ್ಸು. ಇವು ಇದೆ, ಇಲ್ಲ ಎಂಬ ಖಾನೆಗಳಲ್ಲ. ಎಲ್ಲರಲ್ಲೂ ಐದೂ ಇವೆ, ಪ್ರಮಾಣ ಬೇರೆ.

ಬರ್ನ್‌ಔಟ್ ಜೊತೆ ಎಲ್ಲಕ್ಕಿಂತ ಗಟ್ಟಿಯಾಗಿ ತಳುಕು ಹಾಕಿಕೊಂಡಿರುವುದು ಕಳವಳದ ಒಲವು, ಅಂದರೆ ನ್ಯೂರಾಟಿಸಿಸಂ. ಕೀಮೋ ಪಡೆದವರಲ್ಲಿ ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ಎಣಿಕೆ 500ಕ್ಕಿಂತ ಇಳಿದು ಜ್ವರ ಬಂದರೆ ಒಂದು ಗಂಟೆಯೊಳಗೆ ಮೊದಲ ಆಂಟಿಬಯಾಟಿಕ್ ಹೋಗಬೇಕು. ಇಬ್ಬರು ರೆಸಿಡೆಂಟ್‌ಗಳು (ತರಬೇತಿಯಲ್ಲಿರುವ ವೈದ್ಯರು) ಇದನ್ನು ಒಂದೇ ರೀತಿ ಸರಿಯಾಗಿ ಮಾಡಿದರು ಎಂದುಕೊಳ್ಳಿ. ಒಬ್ಬರು ಹೋಗಿ ಮಲಗುತ್ತಾರೆ. ಇನ್ನೊಬ್ಬರು ರಾತ್ರಿ ಎರಡಕ್ಕೆ ಎದ್ದು ಸೋಂಕು ಪತ್ತೆಯ ಕಲ್ಚರ್ ಪರೀಕ್ಷೆಗೆ ಕಳಿಸಿದ್ದೆನೋ ಇಲ್ಲವೋ ಎಂದು ವಾರ್ಡಿಗೆ ಫೋನ್ ಮಾಡುತ್ತಾರೆ. ಕೆಲಸ ಅಷ್ಟೇ, ಖರ್ಚು ಎರಡು ಪಟ್ಟು. ಡ್ಯೂಟಿ ಮುಗಿದ ಮೇಲೂ ಇವರ ಮೀಟರ್ ಓಡುತ್ತಲೇ ಇರುತ್ತದೆ.

ಇಲ್ಲಿ ಒಂದು ತಕರಾರಿದೆ, ಬಹಳ ವರದಿಗಳು ಇದನ್ನು ಹಾರಿಸಿಬಿಡುತ್ತವೆ. ‘ನನಗೆ ಬೇಗ ಆತಂಕವಾಗುತ್ತದೆ’ ಎಂಬುದು ಸ್ವಭಾವದ ಪ್ರಶ್ನೆ. ‘ಕೆಲಸ ಮುಗಿಯುವ ಹೊತ್ತಿಗೆ ನಾನು ಹಿಂಡಿಹೋಗಿರುತ್ತೇನೆ’ ಎಂಬುದು ಬರ್ನ್‌ಔಟ್ ಪ್ರಶ್ನೆ. ಒಂದೇ ದಿನ, ಒಂದೇ ಹಾಳೆಯಲ್ಲಿ, ನೈಟ್ ಡ್ಯೂಟಿ ಮುಗಿಸಿದವರ ಕೈಗೆ ಎರಡನ್ನೂ ಕೊಟ್ಟರೆ ಎರಡಕ್ಕೂ ಹೌದು ಎಂದೇ ಬರುತ್ತದೆ. ಆರು ತಿಂಗಳ ನೈಟ್ ಡ್ಯೂಟಿ ಯಾರನ್ನಾದರೂ ಕಳವಳದವರನ್ನಾಗಿ ಮಾಡೀತು. ಕಾರಣ ಯಾವುದು, ಪರಿಣಾಮ ಯಾವುದು ಎಂದು ತಿಳಿಯಲು ಕೆಲಸಕ್ಕೆ ಸೇರುವ ಮುನ್ನ ಒಮ್ಮೆ, ವರ್ಷಗಳ ನಂತರ ಮತ್ತೊಮ್ಮೆ ಅಳೆಯಬೇಕು. ಅಂಥ ಅಧ್ಯಯನಗಳು ಕಡಿಮೆ.

ಅಚ್ಚುಕಟ್ಟುತನದ ಕಥೆ ಇನ್ನೂ ಸ್ವಾರಸ್ಯದ್ದು, ಏಕೆಂದರೆ ಕಾಗದದ ಮೇಲೆ ಇದು ರಕ್ಷಣೆ ಕೊಡುವ ಗುಣ. ಕೀಮೋ ಕೊಠಡಿಗೆ ಬೇಕಾದ್ದೂ ಇಂಥವರೇ. ಕಾರ್ಬೋಪ್ಲಾಟಿನ್ ಎಂಬ ಕೀಮೋ ಔಷಧದ ಡೋಸನ್ನು ಮೂತ್ರಪಿಂಡದ ಶಕ್ತಿ ನೋಡಿ ಲೆಕ್ಕ ಹಾಕಬೇಕು. ಇನ್ನೊಂದು ಔಷಧ ಡಾಕ್ಸೊರೂಬಿಸಿನ್ ಹೃದಯಕ್ಕೆ ಕುತ್ತಾಗದಿರಲು ಜೀವಮಾನದ ಒಟ್ಟು ಮೊತ್ತ ದೇಹದ ಮೇಲ್ಮೈಯ ಚದರ ಮೀಟರಿಗೆ 450ರಿಂದ 550 ಮಿಲಿಗ್ರಾಂ ದಾಟದಂತೆ ಹಳೆಯ ಸೈಕಲ್‌ಗಳನ್ನೂ (ಚಿಕಿತ್ಸೆಯ ಸುತ್ತುಗಳನ್ನೂ) ಕೂಡಿಸಬೇಕು. ರಕ್ತನಾಳಕ್ಕೆ ಕೊಡಬೇಕಾದ ವಿನ್‌ಕ್ರಿಸ್ಟಿನ್ ಔಷಧ ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಸಾವು ಬಹುತೇಕ ಖಚಿತ. ಇಬ್ಬರು ಸೇರಿ ಪರೀಕ್ಷಿಸುವ ಪದ್ಧತಿ, ಸಾಕಷ್ಟು ಸಿಬ್ಬಂದಿ, ಸರಿಯಾದ ಚಾರ್ಟ್ ಇರುವಲ್ಲಿ ಅಚ್ಚುಕಟ್ಟಿನವರು ನಿರಾಳವಾಗಿರುತ್ತಾರೆ. ಎರಡನೇ ಸಹಿ ಹಾಕುವವರೇ ಇಲ್ಲದ ಕಡೆ ಅವರು ತಾವೇ ಮೂರು ಸಲ ನೋಡುತ್ತಾರೆ, ಊಟ ಬಿಡುತ್ತಾರೆ, ಇತರರು ಅರ್ಧಕ್ಕೆ ಬಿಟ್ಟ ಆಯುಷ್ಮಾನ್ ಭಾರತ್ ಕಾಗದವನ್ನೂ ತುಂಬುತ್ತಾರೆ. ಎಳೆಯುವ ಎತ್ತಿಗೇ ಹೊರೆ. ಇವರು ಕುಸಿದಾಗ ಎಲ್ಲರಿಗೂ ಆಶ್ಚರ್ಯ, ಏಕೆಂದರೆ ಕೊನೆಯ ದಿನದವರೆಗೂ ಇವರ ಚಾರ್ಟುಗಳಲ್ಲಿ ಒಂದು ತಪ್ಪೂ ಇರುವುದಿಲ್ಲ.

ಹೊಂದಿಕೊಳ್ಳುವ ಗುಣದವರು ರೋಗಿಯಿಂದ ಸುಲಭಕ್ಕೆ ಕಳಚಿಕೊಳ್ಳುವುದಿಲ್ಲ. ಬಳಲುವುದು ಮಾತ್ರ ತಪ್ಪುವುದಿಲ್ಲ. ಸ್ವಂತ ಮೊಬೈಲ್ ನಂಬರ್ ಕೊಡುವವರು ಇವರೇ. ರಾಯಚೂರಿನಿಂದ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಬಂದಿಳಿದವರಿಗೆ ‘ನಾಳೆ ಬನ್ನಿ’ ಎನ್ನಲು ಇವರಿಗೆ ನಾಲಿಗೆ ಏಳುವುದಿಲ್ಲ. ನಮ್ಮಲ್ಲಿ ಇದಕ್ಕೆ ಮತ್ತೊಂದು ಭಾರ ಸೇರುತ್ತದೆ. ಬಾಗಿಲಾಚೆ ಮಗ ಕೈ ಹಿಡಿದು ಹೇಳುತ್ತಾನೆ: ‘ಅಪ್ಪಂಗೆ ಕ್ಯಾನ್ಸರ್ ಅಂತ ಹೇಳ್ಬೇಡಿ ಡಾಕ್ಟ್ರೇ, ಗಡ್ಡೆ ಅಂತ ಮಾತ್ರ ಹೇಳಿ.’ ಒಳಗೆ ಅಪ್ಪ ಕೇಳುತ್ತಾರೆ: ‘ನಿಜ ಹೇಳಿ, ಏನಾಗಿದೆ ನಂಗೆ?’ ಇಬ್ಬರನ್ನೂ ನೋಯಿಸಲಾಗದವರು ದಿನಕ್ಕೆ ಹತ್ತು ಸಲ ಈ ಸುಳ್ಳು ನಿಜಗಳ ನಡುವಿನ ಹಗ್ಗದ ಮೇಲೆ ನಡೆಯುತ್ತಾರೆ.

ಈ ನಿರ್ದಿಷ್ಟ ಭಾರವನ್ನು ಇಳಿಸುವುದು ಕಲಿಯಬಹುದಾದ ಕೌಶಲ. ಮಗನೊಂದಿಗೆ ವಾದಕ್ಕಿಳಿಯದೆ ಮೊದಲು ಅವನ ಭಯ ಕೇಳಬೇಕು: ‘ಗೊತ್ತಾದರೆ ಏನಾಗಬಹುದು ಅಂತ ನಿಮಗೆ ಹೆದರಿಕೆ?’ ನಂತರ ಅವನ ಎದುರಿಗೇ ರೋಗಿಯನ್ನು ಕೇಳಬೇಕು: ‘ಕಾಯಿಲೆಯ ವಿವರ ನಿಮಗೇ ಹೇಳಲೋ, ಮಗನಿಗೆ ಹೇಳಿದರೆ ಸಾಕೋ?’ ಬಹುಪಾಲು ಹಗ್ಗದ ನಡಿಗೆ ಇಲ್ಲಿಗೆ ನಿಲ್ಲುತ್ತದೆ, ಏಕೆಂದರೆ ಉತ್ತರದ ಹೊಣೆ ರೋಗಿಯದಾಗುತ್ತದೆ. 2000ನೇ ಇಸವಿಯಲ್ಲಿ ಪ್ರಕಟವಾದ, ಕೆಟ್ಟ ಸುದ್ದಿ ತಿಳಿಸುವ ಆರು ಹಂತಗಳ ಸ್ಪೈಕ್ಸ್ ಕ್ರಮದಲ್ಲೂ ಹೇಳುವ ಮುನ್ನ ಕೇಳುವುದಕ್ಕೇ ಎರಡು ಹಂತಗಳಿವೆ: ರೋಗಿಗೆ ಈಗ ಏನು ಗೊತ್ತಿದೆ, ಇನ್ನೆಷ್ಟು ತಿಳಿಯಬೇಕಾಗಿದೆ.

ಬೆರೆಯುವ ಗುಣ ಒಟ್ಟಾರೆ ಕಾಪಾಡುತ್ತದೆ. ಕ್ಯಾಂಟೀನಿನಲ್ಲಿ ಹೇಳಿಕೊಂಡು ಹಗುರಾಗುವವರು ಇವರು. ಹೊಸತಿಗೆ ತೆರೆದ ಮನಸ್ಸಿನ ಬಗ್ಗೆ ಗಟ್ಟಿಯಾಗಿ ಹೇಳುವಂಥದ್ದು ಹೆಚ್ಚಿಲ್ಲ. ನಿಗಾ ಬೇಕಾದ್ದು ಇನ್ನೊಂದು ಜೋಡಣೆಗೆ: ಒಳಗೆ ಸದಾ ಕಳವಳ, ಹೊರಗೆ ತುಟಿ ಪಿಟಕ್ಕೆನ್ನದ ಮೌನ. ಇದನ್ನು ‘ಟೈಪ್ ಡಿ’ ಎನ್ನುತ್ತಾರೆ. ಬೆಲ್ಜಿಯಂನ ಮನೋವಿಜ್ಞಾನಿ ಯೋಹಾನ್ ಡೆನೊಲೆಟ್ ರೂಪಿಸಿದ 14 ಪ್ರಶ್ನೆಗಳ ಪಟ್ಟಿಯಲ್ಲಿ ಎರಡೂ ಭಾಗಗಳಲ್ಲಿ 10 ಅಥವಾ ಹೆಚ್ಚು ಬಂದರೆ ಈ ಗುಂಪು. ಸಭೆಯಲ್ಲಿ ‘ಯಾರಿಗಾದರೂ ತೊಂದರೆ ಇದೆಯಾ?’ ಎಂದು ಕೇಳಿದರೆ ಇವರು ಬಾಯಿ ತೆರೆಯುವುದಿಲ್ಲ. ಒಬ್ಬೊಬ್ಬರನ್ನೇ ಕೂರಿಸಿ ಕೇಳಬೇಕು.

ಸ್ವಭಾವದಷ್ಟೇ ಕೆಲಸದ ಬಗೆಯೂ ಮುಖ್ಯ. ಬಾಯಿ, ಗಂಟಲಿನ ಕ್ಯಾನ್ಸರಿಗೆ ಪೂರ್ಣ ಪ್ರಮಾಣದ ರೇಡಿಯೋಥೆರಪಿ ಎಂದರೆ ವಾರಕ್ಕೆ ಐದು ದಿನದಂತೆ ಸುಮಾರು 33ರಿಂದ 35 ಸಿಟ್ಟಿಂಗ್. ಮುಖಕ್ಕೆ ಮಾಸ್ಕ್ ಬಿಗಿಯುವ ಟೆಕ್ನಾಲಜಿಸ್ಟ್ ಅದೇ ಮನುಷ್ಯ ದಿನದಿಂದ ದಿನಕ್ಕೆ ಬಾಯಿಹುಣ್ಣಿನಿಂದ ಸೊರಗುವುದನ್ನು ಏಳು ವಾರ ನೋಡುತ್ತಾರೆ. ಆಮೇಲೆ ಏನಾಯಿತು ಎಂಬ ಸುದ್ದಿ ಮಾತ್ರ ಅವರಿಗೆ ತಲುಪುವುದೇ ಇಲ್ಲ. ಚೇತರಿಸಿಕೊಂಡವರ ಹೆಸರನ್ನು ತಿಂಗಳಿಗೊಮ್ಮೆ ಅವರಿಗೆ ತಿಳಿಸಲು ಒಂದು ಪೈಸೆ ಖರ್ಚಿಲ್ಲ. ಸಾವನ್ನು ಹೆಚ್ಚು ಕಂಡವರೇ ಹೆಚ್ಚು ಬತ್ತುತ್ತಾರೆ ಎಂಬ ಎಣಿಕೆಯೂ ಯಾವಾಗಲೂ ಸರಿಯಲ್ಲ. ಬೆಂಗಳೂರಿನ ಕರುಣಾಶ್ರಯದಂಥ ಉಪಶಮನ ಕೇಂದ್ರದಲ್ಲಿ ಗುರಿ ಸ್ಪಷ್ಟ: ನೋವು ತಗ್ಗಬೇಕು. ಅದಕ್ಕಿಂತ ಹೆಚ್ಚು ಸುಡುವುದು ಪ್ರಯೋಜನವಿಲ್ಲವೆಂದು ತಿಳಿದೂ ಮನೆಯವರ ಒತ್ತಾಯಕ್ಕೆ ಕೊಡುವ ನಾಲ್ಕನೇ ಸಾಲಿನ ಕೀಮೋ, ಅಂದರೆ ಮೂರು ಬಗೆಯ ಔಷಧಿ ಸೋತ ಮೇಲಿನದು. ಸರಿ ಯಾವುದೆಂದು ಗೊತ್ತಿದ್ದೂ ಮಾಡಲಾಗದ ಈ ಸಂಕಟವನ್ನು ಅಮೆರಿಕದ ನೀತಿಶಾಸ್ತ್ರಜ್ಞ ಆಂಡ್ರ್ಯೂ ಜೇಮ್ಟನ್ 1984ರಲ್ಲಿ ನರ್ಸಿಂಗ್ ಸಂದರ್ಭದಲ್ಲಿ ಗುರುತಿಸಿ ನೈತಿಕ ಸಂಕಟ ಎಂಬ ಹೆಸರು ಕೊಟ್ಟರು. ಅಚ್ಚುಕಟ್ಟಿನವರನ್ನು ಇದು ಬೇಗ ತಿನ್ನುತ್ತದೆ.

ಹಾಗಾದರೆ ನೇಮಕದ ಹೊತ್ತಿಗೇ ವ್ಯಕ್ತಿತ್ವ ಪರೀಕ್ಷೆ ಮಾಡಿಬಿಡಬಹುದಲ್ಲ? ಬೇಡ. ಕೆಲಸ ಬೇಕಾದವರು ‘ನನಗೆ ಆತಂಕವೇ ಇಲ್ಲ’ ಎಂದೇ ಗುರುತು ಹಾಕುತ್ತಾರೆ. ಇಂತಿಷ್ಟು ಅಂಕ ದಾಟಿದರೆ ಬತ್ತುತ್ತಾರೆ ಎಂಬ ಗೆರೆಯೂ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಜ್ವರದ ರೋಗಿಯನ್ನು ಎರಡನೇ ಸಲ ಹೋಗಿ ನೋಡುವ ಕಳವಳವನ್ನು ಜಾಲಾಡಿ ಹೊರಹಾಕಿದರೆ ನಷ್ಟ ರೋಗಿಗೇ.

ಘಟಕದ ಮಟ್ಟದಲ್ಲಿ ಫಲ ಕೊಡುವುದು ಸಣ್ಣ, ಒಣ ಕೆಲಸಗಳು. ಅಳತೆಗೆ ಕೋಪನ್‌ಹೇಗನ್ ಬರ್ನ್‌ಔಟ್ ಪಟ್ಟಿ ಸಾಕು. 19 ಪ್ರಶ್ನೆ, ಹಣ ಕೊಡಬೇಕಿಲ್ಲ, ವೈಯಕ್ತಿಕ ಬಳಲಿಕೆ, ಕೆಲಸದ ಬಳಲಿಕೆ, ರೋಗಿಗಳ ಒಡನಾಟದ ಬಳಲಿಕೆಯನ್ನು ಬೇರೆ ಬೇರೆಯಾಗಿ ತೋರಿಸುತ್ತದೆ. ಕೆಲಸದ ಭಾಗ ಮಾತ್ರ ಏರಿದ್ದರೆ ತೊಂದರೆ ಡ್ಯೂಟಿ ಪಟ್ಟಿಯಲ್ಲಿದೆ ಎಂದು ಅನುಮಾನಿಸಬೇಕು. ಹೆಸರಿಲ್ಲದೆ ತುಂಬಿಸಬೇಕು, ವಿಭಾಗದ ಮುಖ್ಯಸ್ಥರ ಕೈಗೆ ಹಾಳೆ ಹೋಗಬಾರದು, ಹತ್ತಕ್ಕಿಂತ ಕಡಿಮೆ ಜನರಿರುವ ಗುಂಪಿನ ಸರಾಸರಿ ಪ್ರಕಟಿಸಬಾರದು. ಇಲ್ಲದಿದ್ದರೆ ಮುಂದಿನ ಸಲ ಎಲ್ಲರೂ ‘ಚೆನ್ನಾಗಿದ್ದೇನೆ’ ಎಂದೇ ಬರೆಯುತ್ತಾರೆ.

ಘಟಕಕ್ಕೊಂದು ಡ್ಯೂಟಿ ಫೋನ್ ಇರಲಿ, ಸ್ವಂತ ನಂಬರ್ ಕೊಡಬಾರದು ಎಂಬ ನಿಯಮ ಎಲ್ಲರಿಗೂ ಇರಲಿ. ಆಗ ‘ಇಲ್ಲ’ ಎನ್ನಲಾಗದವರ ಪರವಾಗಿ ನಿಯಮವೇ ‘ಇಲ್ಲ’ ಎನ್ನುತ್ತದೆ. ಕೀಮೋ ಪರೀಕ್ಷಿಸುವ ಇಬ್ಬರನ್ನು ಆ ಹೊತ್ತಿನಲ್ಲಿ ಯಾರೂ ಕರೆಯಬಾರದು. ಸಾವಾದ ಶಿಫ್ಟಿನ ಕೊನೆಗೆ ಹತ್ತು ನಿಮಿಷ ನಿಂತೇ ಮಾತಾಡಿ: ಏನಾಯಿತು, ಯಾವುದು ಸರಿಯಾಗಿ ಆಯಿತು, ಈಗ ಮನೆಗೆ ಏನನ್ನು ಹೊತ್ತುಕೊಂಡು ಹೋಗುತ್ತಿದ್ದೀರಿ. ಇದು ತಪ್ಪು ಹುಡುಕುವ ಸಭೆಯಾದರೆ ಎರಡನೇ ವಾರಕ್ಕೆ ಸತ್ತುಹೋಗುತ್ತದೆ. ಡ್ಯೂಟಿ ಮುಗಿದ ಮೇಲೆ ಕಡ್ಡಾಯ ಯೋಗ ಶಿಬಿರ ಇಡುವವರು ಬಳಲಿದವರ ಸಮಯದಿಂದಲೇ ಇನ್ನೊಂದು ಗಂಟೆ ಕತ್ತರಿಸುತ್ತಿದ್ದಾರೆ.

ಬರ್ನ್‌ಔಟ್ ಎಂದುಕೊಂಡದ್ದು ಖಿನ್ನತೆಯಾಗಿರಲೂಬಹುದು. ಬರ್ನ್‌ಔಟ್ ಶುರುವಿನಲ್ಲಿ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಮನೆಯಲ್ಲೂ, ಹಬ್ಬದಲ್ಲೂ, ಮಕ್ಕಳ ಜೊತೆಗೂ ಏನೂ ರುಚಿಸದಿದ್ದರೆ ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಪಟ್ಟಿ ತುಂಬಿ ನೋಡಬೇಕು. 27ರಲ್ಲಿ 10 ಅಥವಾ ಹೆಚ್ಚು ಬಂದರೆ ಮನೋವೈದ್ಯರನ್ನು ಕಾಣಬೇಕು. ಬದುಕು ಬೇಡವೆನಿಸುವ ಒಂಬತ್ತನೇ ಪ್ರಶ್ನೆಗೆ ಸೊನ್ನೆಯಲ್ಲದ ಉತ್ತರ ಬಂದರೆ ಒಟ್ಟು ಅಂಕಕ್ಕೆ ಕಾಯಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಆ ವರ್ಗಾವಣೆ ಅರ್ಜಿ. ಅದರ ಮೇಲೆ ಷರಾ ಬರೆಯುವ ಮುನ್ನ ಅವರ ಹಿಂದಿನ ಮೂರು ತಿಂಗಳ ಡ್ಯೂಟಿ ಪಟ್ಟಿ ತರಿಸಬೇಕು: ಎಷ್ಟು ನೈಟ್, ಎಷ್ಟು ಡಬಲ್ ಡ್ಯೂಟಿ, ರದ್ದಾದ ರಜೆ ಎಷ್ಟು, ಅವರ ಶಿಫ್ಟಿನಲ್ಲಿ ಆದ ಸಾವುಗಳೆಷ್ಟು. ಅದೇ ವಾರ್ಡಿನ ಇನ್ನಿಬ್ಬರ ಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಅಂಕಿಗಳು ಮೂವರಲ್ಲೂ ಒಂದೇ ಆಗಿದ್ದರೆ ಸೂಕ್ಷ್ಮ ಮನಸ್ಸಿನ ಮಾತು ಆಮೇಲೆ ಎತ್ತಬಹುದು.